ಹಳೇ ಯೆಜ್ಡಿ ಕ್ಲಚ್ ಸ್ಲಿಪ್ ಆಗ್ತಿದ್ಯಾ? ಮೊದಲು ಕೇಬಲ್ ನೋಡಿ

ಹಳೇ ಯೆಜ್ಡಿ, ಜಾವಾ ಬೈಕ್‌ಗಳಲ್ಲಿ ಕ್ಲಚ್ ಸ್ಲಿಪ್ ಆದರೆ, ಅಂದರೆ ಜಾರಿದರೆ, ಕ್ಲಚ್ ಪ್ಲೇಟ್ ಬಿಚ್ಚುವ ಮೊದಲು ಕೇಬಲ್ ಸ್ವಲ್ಪ ಸಡಿಲ ಮಾಡಿ. ಕ್ಲಚ್ ಲಿವರ್ ಬುಡದಲ್ಲಿ 2–3 ಮಿ.ಮೀ. ಸುಮ್ನೆ ಆಡಬೇಕು, ಆಮೇಲೆ ಬಿಗಿ ಸಿಗಬೇಕು. ಕೇಬಲ್ ಬಿಗಿಯಿದ್ದರೆ ಕೈ ಬಿಟ್ಟರೂ ಕ್ಲಚ್ ಸ್ವಲ್ಪ ಹಿಡಿದಂತೆಯೇ ಇರುತ್ತದೆ. ಸ್ಪ್ರಿಂಗ್‌ಗಳು ಪ್ಲೇಟನ್ನು ಪೂರ್ತಿ ಒತ್ತುವುದಿಲ್ಲ. ಏರಿನಲ್ಲಿ ಇಂಜಿನ್ ಕೂಗುತ್ತದೆ, ಗಾಡಿ ಮಾತ್ರ ಎಳೆಯುವುದಿಲ್ಲ, ಅಲ್ವಾ? ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿದಾಗಲೂ ಆ ಸಡಿಲ ಉಳಿಯಬೇಕು, ಇದನ್ನು ಮರೆಯಬೇಡಿ. ಜಾಸ್ತಿ ಸಡಿಲ ಬಿಟ್ಟರೆ ಗೇರ್ ಬೀಳುವುದು ಕಷ್ಟ. ಆದರೂ ಜಾರಿದರೆ ಗೇರ್‌ಬಾಕ್ಸ್ ಆಯಿಲ್ ನೋಡಿ. ಈ ಕ್ಲಚ್ ಆಯಿಲ್‌ನಲ್ಲೇ ತಿರುಗುತ್ತದೆ, ಕಾರಿನ ಇಂಜಿನ್ ಆಯಿಲ್ ಹಾಕಿದ್ದರೆ ಜಾರಬಹುದು. ಪ್ಲೇಟ್ ಸವೆದಿದ್ದರೆ, ಸ್ಪ್ರಿಂಗ್ ಸೋತಿದ್ದರೆ ಕೇಬಲ್ ತಿರುಗಿಸಿ ಪ್ರಯೋಜನವಿಲ್ಲ, ಬಿಚ್ಚಲೇಬೇಕು.