ಮಿತ್ರರೆನ್ನುವ ದಾಯಾದಿಗಳು: ರೋಮ್ ಟೋಟಲ್ ವಾರ್‌ನಲ್ಲಿ ನನ್ನ ಅನುಭವ

'ರೋಮ್: ಟೋಟಲ್ ವಾರ್' ಅನ್ನುವ ಕಂಪ್ಯೂಟರ್ ಯುದ್ಧದಾಟ ಬಂದಿದ್ದು 2004ರಲ್ಲಿ. 2021ರಲ್ಲಿ ಅದರ ಹೊಸ ರೂಪ 'ರೀಮಾಸ್ಟರ್ಡ್' ಕೂಡ ಬಂತು. ಅದರಲ್ಲಿ ಮೂರು ರೋಮನ್ ಮನೆತನಗಳಿವೆ; ನಾನು ಇವತ್ತಿಗೂ ಜಾಸ್ತಿ ಆಡುವುದು ಕೆಂಪು ಬಣ್ಣದ ಜೂಲಿಯೈ ಮನೆತನವನ್ನು. ಉತ್ತರದ ಬುಡಕಟ್ಟು ಜನರಾದ ಗೌಲರ ಜೊತೆ ಹೇಗೆ ಕಾದಾಡಬೇಕು ಅನ್ನುವುದು ಬೇಗ ಕೈಗೆ ಹತ್ತುತ್ತದೆ. ನಿಜವಾಗಿ ತಲೆ ಓಡಿಸಬೇಕಾದ್ದು ಪಕ್ಕದಲ್ಲೇ ಇರುವ ಇಬ್ಬರು ಮಿತ್ರರ, ಅಂದರೆ ಉಳಿದ ಎರಡು ಮನೆತನಗಳ ವಿಷಯದಲ್ಲಿ.

ಆಟ ಶುರುವಾಗುವುದು ಕ್ರಿ.ಪೂ. 270ರಲ್ಲಿ. ಆಗ ಜೂಲಿಯೈ ಕೈಯಲ್ಲಿರುವ ಊರುಗಳು ಅರೇಟಿಯಂ, ಅರಿಮಿನಂ. ಹಸಿರು ಬಣ್ಣದ ಬ್ರೂಟಿಯೈಗೆ ಟರೆಂಟಂ, ಕ್ರೋಟಾನ್. ನೀಲಿ ಸಿಪಿಯೈಗೆ ಕಪುವಾ, ಮೆಸ್ಸಾನಾ. ನಡುವೆ ರೋಮ್ ನಗರ ಸೆನೆಟ್, ಅಂದರೆ ರೋಮಿನ ಆಡಳಿತ ಸಭೆಯ ಕೈಯಲ್ಲಿ. ನಾಲ್ವರೂ ಮೊದಲ ದಿನದಿಂದಲೇ ಮಿತ್ರರು. ಆದರೆ ದೊಡ್ಡ ಕ್ಯಾಂಪೇನ್, ಅಂದರೆ ಇಡೀ ನಕ್ಷೆಯ ಮೇಲಿನ ಪೂರ್ತಿ ಆಟ, ಗೆಲ್ಲಬೇಕಾದರೆ 50 ಪ್ರಾಂತ್ಯ ಬೇಕು, ಅದರಲ್ಲಿ ರೋಮ್ ಇರಲೇಬೇಕು. ಅಂದರೆ ಈ ಸ್ನೇಹ ಒಂದು ದಿನ ಮುರಿಯುವುದು ಖಂಡಿತ. ಆ ದಿನ ಯಾವುದು ಅಂತ ನಾನೇ ತೀರ್ಮಾನ ಮಾಡಬೇಕು. ಇಡೀ ರಾಜತಂತ್ರವನ್ನು ನಾನು ಕಟ್ಟುವುದು ಇದರ ಮೇಲೆ.

ಅಲ್ಲಿಯವರೆಗೆ ಇವರು ಒಂದೇ ಆಸ್ತಿಗೆ ಕಾದು ಕೂತ ದಾಯಾದಿಗಳ ಹಾಗೆ. ಕತ್ತಿ ಎತ್ತುವ ಹಾಗಿಲ್ಲ, ಬಿಟ್ಟುಕೊಡುವ ಹಾಗೂ ಇಲ್ಲ. ಆದ್ದರಿಂದ ಪೈಪೋಟಿ ನಡೆಯುವುದೆಲ್ಲ ನೆಲದ ಮೇಲೆ. ಯಾವ ಊರಿಗೆ ಯಾರು ಮೊದಲು ಮುಟ್ಟುತ್ತಾರೆ ಅನ್ನುವುದೇ ಮಾತು. ಆಟ ಪ್ರತಿಯೊಬ್ಬರಿಗೂ ಒಂದೊಂದು ದಿಕ್ಕು ಕೊಟ್ಟಿದೆ. ನಮಗೆ ಉತ್ತರದ ಗೌಲರು, ಸಿಪಿಯೈಗೆ ಸಿಸಿಲಿ ಮತ್ತು ಕಾರ್ಥೇಜ್, ಬ್ರೂಟಿಯೈಗೆ ಗ್ರೀಸ್. ಈ ಹಂಚಿಕೆ ಸಮವಲ್ಲ. ಗ್ರೀಸಿನ ಊರುಗಳು ಮೊದಲೇ ದೊಡ್ಡವು, ಬಂದರುಗಳಿರುವಂಥವು. ಸಮುದ್ರ ವ್ಯಾಪಾರದ ದುಡ್ಡು ಅಲ್ಲಿ ಹರಿಯುತ್ತದೆ. ಗೌಲರ ಹಳ್ಳಿಗಳಲ್ಲಿ ಮೊದಲು ರಸ್ತೆ ಹಾಕಬೇಕು, ಜನ ಬೆಳೆಯುವ ತನಕ ಕಾಯಬೇಕು. ಸುಮ್ನೆ ಬಿಟ್ಟರೆ ಬ್ರೂಟಿಯೈ ಉಬ್ಬಿಬಿಡುತ್ತದೆ, ಕೊನೆಯ ಯುದ್ಧ ನಮಗೆ ಎರಡು ಪಟ್ಟು ಕಷ್ಟ.

ಹಾಗಾಗಿ ಉತ್ತರ ಇಟಲಿಯ ಸೆಗೆಸ್ತಾ, ಮೆಡಿಯೊಲಾನಂ, ಪತಾವಿಯಂ ಕೈಗೆ ಬಂದ ಕೂಡಲೇ ನಾನು ಪೂರ್ತಿ ಪಶ್ಚಿಮಕ್ಕೆ ತಿರುಗುವುದಿಲ್ಲ. ಒಂದು ಸೈನ್ಯವನ್ನು ಪತಾವಿಯಂನಿಂದ ಪೂರ್ವಕ್ಕೆ ಕಳಿಸಿ ಸೆಗೆಸ್ಟಿಕಾ, ಸಲೋನಾ ಹಿಡಿಯುತ್ತೇನೆ. ಈ ಊರುಗಳಿಂದ ದೊಡ್ಡ ಆದಾಯವೇನಿಲ್ಲ. ಆದರೆ ಏಡ್ರಿಯಾಟಿಕ್ ಸಮುದ್ರದ ಆಚೆ ದಡದಲ್ಲಿ ಕಾಲೂರಲು ಜಾಗ ಸಿಗುತ್ತದೆ. ಬ್ರೂಟಿಯೈ ಅದೇ ದಡದ ದಕ್ಷಿಣದಲ್ಲಿರುವ ಅಪೊಲೋನಿಯಾದಲ್ಲಿ ನೆಲೆ ನಿಂತು ಉತ್ತರಕ್ಕೆ ಬರಬೇಕೆಂದರೆ ನನ್ನ ಗಡಿ ಅಡ್ಡ ಸಿಗುತ್ತದೆ. ಅವರು ಮಿತ್ರರು, ನನ್ನ ಊರಿನ ಮೇಲೆ ಬೀಳುವ ಹಾಗಿಲ್ಲ. ಒಂದು ರಕ್ತದ ಹನಿಯೂ ಇಲ್ಲದೆ ಅವರ ದಾರಿ ಮುಚ್ಚಿದ ಹಾಗಾಯಿತು. ಸಾಧ್ಯವಾದಾಗ ಹಡಗಿನಲ್ಲಿ ಹೋಗಿ ಗ್ರೀಸಿನ ಕೊರಿಂತ್ ಕೂಡ ಅವರಿಗಿಂತ ಮೊದಲೇ ಹಿಡಿಯುತ್ತೇನೆ. ಅವರ ಆದಾಯದ ಬುಡಕ್ಕೇ ಕೈ ಹಾಕುವ ಕೆಲಸ ಅದು.

ಸೆನೆಟ್ ವಿಷಯ ಬೇರೆ. ಅದು ಆಗಾಗ ಮಿಷನ್ ಕೊಡುತ್ತದೆ: ಈ ಊರು ಹಿಡಿ, ಆ ಬಂದರಿಗೆ ದಿಗ್ಬಂಧನ ಹಾಕು, ಇಂಥವರ ಜೊತೆ ವ್ಯಾಪಾರ ಒಪ್ಪಂದ ಮಾಡು. ಶುರುವಿನಲ್ಲಿ ನಾನು ಹೆಚ್ಚುಕಮ್ಮಿ ಎಲ್ಲವನ್ನೂ ಮಾಡುತ್ತೇನೆ. ದುಡ್ಡು ಬರುತ್ತದೆ, ಕೆಲವೊಮ್ಮೆ ಒಳ್ಳೆಯ ಸೈನಿಕರ ತುಕಡಿಯೇ ಬರುತ್ತದೆ. ನಮ್ಮ ಮನೆಯವರಿಗೆ ಕ್ವೆಸ್ಟರ್, ಈಡೈಲ್‌ನಿಂದ ಹಿಡಿದು ಕಾನ್ಸಲ್‌ವರೆಗೆ ಹುದ್ದೆಗಳೂ ಸಿಗುತ್ತವೆ. ಆದರೆ ದಿಗ್ಬಂಧನದ ಮಿಷನ್ ಬಂದಾಗ ಮಾತ್ರ ಮೊದಲು ನನ್ನ ವ್ಯಾಪಾರದ ಲೆಕ್ಕ ನೋಡುತ್ತೇನೆ. ಒಂದು ಹಡಗು ಬಂದರಿನ ಮುಂದೆ ನಿಂತರೆ ಸಾಕು, ಯುದ್ಧ ಘೋಷಣೆಯಾದ ಹಾಗೆ. ಒಳ್ಳೆಯ ವ್ಯಾಪಾರ ಪಾಲುದಾರನನ್ನು ಸೆನೆಟ್‌ನ ಖುಷಿಗೋಸ್ಕರ ಕಳೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಅಂಥ ಮಿಷನ್ ಬಿಟ್ಟುಬಿಡುತ್ತೇನೆ. ಸೆನೆಟ್ ಕಣ್ಣಲ್ಲಿ ಸ್ವಲ್ಪ ಬೆಲೆ ಇಳಿದರೂ ಮುಂದಿನದರಲ್ಲಿ ಏರಿಸಿಕೊಳ್ಳಬಹುದು.

ಇಲ್ಲಿ ಎರಡು ಅಳತೆ ಇವೆ. ಒಂದು ಸೆನೆಟ್ ಮೆಚ್ಚುಗೆ, ಇನ್ನೊಂದು ಜನರ ಮೆಚ್ಚುಗೆ. ಊರು ಗೆದ್ದಷ್ಟೂ ಜನರ ಮೆಚ್ಚುಗೆ ಏರುತ್ತದೆ. ಅದು ತುಂಬಾ ಏರಿದರೆ ಸೆನೆಟ್‌ಗೆ ಭಯ ಹುಟ್ಟುತ್ತದೆ. ಕೊನೆಗೆ ಮನೆತನದ ಯಜಮಾನ ಆತ್ಮಹತ್ಯೆ ಮಾಡಿಕೊಳ್ಳಬೇಕು ಅಂತ ಆಜ್ಞೆ ಬರುತ್ತದೆ. ಒಪ್ಪದಿದ್ದರೆ ನಾವು ದ್ರೋಹಿಗಳು, ಅಲ್ಲಿಂದ ಅಂತರ್ಯುದ್ಧ. ಆದ್ದರಿಂದ ಗೆಲುವಿನ ವೇಗವೇ ನನಗೆ ಗಡಿಯಾರ. ಸೈನ್ಯವನ್ನು ಹೊಸದಾಗಿಸುವ 'ಮಾರಿಯಸ್ ಸುಧಾರಣೆ' ಆಗುವ ತನಕ ಬೇಕಂತಲೇ ನಿಧಾನ ಮಾಡುತ್ತೇನೆ. ಇಟಲಿಯ ಒಂದು ನಗರದ ಜನಸಂಖ್ಯೆ 24,000 ದಾಟಿ, ಅಲ್ಲಿ ಚಕ್ರವರ್ತಿಯ ಅರಮನೆ ಎದ್ದರೆ ಆ ಸುಧಾರಣೆ ಬರುತ್ತದೆ. ಹಸ್ತಾತಿ, ಪ್ರಿಂಚಿಪೆಸ್ ಎಂಬ ಹಳೆಯ ಕಾಲಾಳುಗಳ ಜಾಗಕ್ಕೆ ಇನ್ನೂ ಬಲವಾದ ಲೀಜನರಿ ಪಡೆಗಳು ಸಿಗುತ್ತವೆ. ಮಿತ್ರರ ಹಳೆಯ ಸೈನ್ಯಗಳಿನ್ನೂ ದೂರದ ಗಡಿಗಳಲ್ಲಿ ಇರುವಾಗ ನನ್ನ ಹೊಸ ಪಡೆ ಇಟಲಿಯಲ್ಲೇ ತಯಾರಾಗುತ್ತದೆ. ನನಗೆ ಬೇಕಾದ್ದೂ ಅದೇ.

ನಮ್ಮ ಅರಿಮಿನಂ, ಅರೇಟಿಯಂಗೆ ಇತಿಹಾಸದಲ್ಲಿ ಒಂದು ದೊಡ್ಡ ಪಾಲಿದೆ. ಕ್ರಿ.ಪೂ. 49ರ ಜನವರಿಯಲ್ಲಿ ಜೂಲಿಯಸ್ ಸೀಸರ್ ರುಬಿಕಾನ್ ನದಿ ದಾಟಿ ಮೊದಲು ಹಿಡಿದ ಊರು ಅರಿಮಿನಂ. ಅಲ್ಲಿಂದ ತನ್ನ ಕಡೆಯ ಆಂಟನಿಯನ್ನು ಐದು ಕೊಹಾರ್ಟ್ (ಸೈನ್ಯದ ತುಕಡಿ) ಜೊತೆ ಅರೇಟಿಯಂಗೆ ಕಳಿಸಿದ. ಅದೇ ಎರಡು ಊರು ಕೈಯಲ್ಲಿಟ್ಟುಕೊಂಡು ರೋಮ್ ಕಡೆ ಹೊರಡುವಾಗ ನನಗೆ ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ. ಇತಿಹಾಸ ಇಷ್ಟಪಡುವವರಿಗೆ ಈ ಮನೆತನ ಹಿಡಿಸುವುದು ಇದಕ್ಕೇ ಅಲ್ವಾ?

ಹೊರಡುವ ಮೊದಲಿನ ತಯಾರಿ ಮುಖ್ಯ. ರೋಮ್, ಕಪುವಾ, ಟರೆಂಟಂ ಮೂರಕ್ಕೂ ಮೊದಲೇ ಸ್ಪೈಗಳನ್ನು ಕಳಿಸಿರುತ್ತೇನೆ. ಒಳಗೆ ಎಷ್ಟು ಸೈನ್ಯ ಇದೆ ಅಂತ ಗೊತ್ತಾಗುತ್ತದೆ, ಅದೃಷ್ಟ ಇದ್ದರೆ ಬಾಗಿಲೂ ತೆರೆಯುತ್ತದೆ. ಖಜಾನೆಯಲ್ಲಿ ದುಡ್ಡು ಉಳಿಸಿರುತ್ತೇನೆ, ಯಾಕೆಂದರೆ ಅವತ್ತಿನಿಂದ ಸೆನೆಟ್ ಸೇರಿ ಮೂರೂ ಮಿತ್ರರು ಒಟ್ಟಿಗೆ ಶತ್ರುಗಳಾಗುತ್ತಾರೆ. ಎರಡು ಪೂರ್ಣ ಸೈನ್ಯ ರೋಮ್ ಹತ್ತಿರ, ಇನ್ನೊಂದು ಕಪುವಾ ಹತ್ತಿರ. ಸೆನೆಟ್‌ಗೆ ಇರುವುದು ಒಂದೇ ಊರು. ರೋಮ್ ಬಿದ್ದರೆ ಅದರ ಕಥೆ ಮುಗಿಯಿತು. ಆಮೇಲೆ ಕಪುವಾ, ಟರೆಂಟಂ, ಕ್ರೋಟಾನ್. ಏಡ್ರಿಯಾಟಿಕ್‌ನಲ್ಲಿ ನನ್ನ ಹಡಗುಗಳು ಮೊದಲೇ ಕಾವಲು ನಿಂತಿರುತ್ತವೆ. ಗ್ರೀಸಿನಲ್ಲಿರುವ ಬ್ರೂಟಿಯೈ ಸೈನ್ಯ ದಾಟಿ ಬರುವ ಹೊತ್ತಿಗೆ ಇಟಲಿಯಲ್ಲಿ ಅವರಿಗೆ ಇಳಿಯಲು ಒಂದು ಬಂದರೂ ಉಳಿದಿರಬಾರದು.