ಅಕ್ಷರವಿಲ್ಲದ ಪುಸ್ತಕದಿಂದ ಇಂಗ್ಲಿಷ್: ಕಪ್ಪೆ ಹುಡುಕುವ ಐದು ಪೀರಿಯಡ್‌ಗಳು

ಅಮೆರಿಕದ ಮರ್ಸರ್ ಮೇಯರ್ ಅವರ ‘ಫ್ರಾಗ್, ವೇರ್ ಆರ್ ಯೂ?’ 1969ರ ಪುಸ್ತಕ. ಹೆಸರು ಬಿಟ್ಟರೆ ಒಳಗೆ ಬರೀ ಚಿತ್ರ, ಒಟ್ಟು 24. ಹುಡುಗನೊಬ್ಬ ಗಾಜಿನ ಜಾಡಿಯಲ್ಲಿ ಕಪ್ಪೆ ಇಟ್ಟುಕೊಂಡಿರುತ್ತಾನೆ. ರಾತ್ರಿ ಅವನೂ ನಾಯಿಯೂ ಮಲಗಿದಾಗ ಅದು ಮೆಲ್ಲಗೆ ಹೊರಬೀಳುತ್ತದೆ. ಮಿಕ್ಕಿದ್ದೆಲ್ಲ ಹುಡುಕಾಟ. ಮಕ್ಕಳು ಕಥೆ ಕಟ್ಟುವ ಬಗೆ ತಿಳಿಯಲು ಭಾಷಾವಿಜ್ಞಾನಿಗಳು ಇದೇ ಪುಸ್ತಕವನ್ನು ಹಲವು ದೇಶಗಳಲ್ಲಿ ಬಳಸಿದ್ದಾರೆ. ರೂತ್ ಬರ್ಮನ್ ಮತ್ತು ಡ್ಯಾನ್ ಸ್ಲೋಬಿನ್ ಐದು ಭಾಷೆಗಳ ‘ಕಪ್ಪೆ ಕಥೆ’ಗಳನ್ನು ಹೋಲಿಸಿದ ಗ್ರಂಥ 1994ರಲ್ಲಿ ಬಂತು.

ಕೆಳಗಿನ ಚಟುವಟಿಕೆಗಳು ಕನ್ನಡ ಮಾಧ್ಯಮದ 4ರಿಂದ 6ನೇ ತರಗತಿಯ ಮಕ್ಕಳಿಗೆ, 40 ನಿಮಿಷದ ಐದು ಪೀರಿಯಡ್‌ಗಳಿಗೆ. ಈ ಪುಸ್ತಕ ಸಿಗದಿದ್ದರೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಪದಗಳಿಲ್ಲದ ಪುಸ್ತಕಗಳನ್ನು ಪುಕ್ಕಟೆ ಇಳಿಸಿಕೊಂಡು ಪ್ರಿಂಟ್ ತೆಗೆಯಬಹುದು. ಏನನ್ನಾದರೂ ಹುಡುಕುವ ಕಥೆಯನ್ನೇ ಆರಿಸಿ. ಹುಡುಕಾಟದಲ್ಲಿ ಒಂದೇ ಪ್ರಶ್ನೆ ಹತ್ತು ಕಡೆ ಮರುಕಳಿಸುತ್ತದೆ, ಮಕ್ಕಳ ನಾಲಿಗೆಗೆ ಬೇಕಾದದ್ದೂ ಅದೇ.

ತಯಾರಿ

ಪುಟಗಳು ಚಿಕ್ಕವು. ಮೂವತ್ತು ಮಕ್ಕಳ ಮುಂದೆ ಎತ್ತಿ ಹಿಡಿದರೆ ಹಿಂದಿನ ಸಾಲಿಗೆ ಏನೂ ಕಾಣಿಸದು, ಗಲಾಟೆ ಶುರುವಾಗುವುದೂ ಅಲ್ಲಿಂದಲೇ. ಆರಾರು ಮಕ್ಕಳ ಗುಂಪು ಮಾಡಿ, ಒಂದು ಗುಂಪು ಪುಸ್ತಕ ನೋಡುವಾಗ ಉಳಿದವರಿಗೆ ಚಿತ್ರ ಬಿಡಿಸುವ ಕೆಲಸ ಕೊಡಿ. ಚಿತ್ರಗಳಿಗೆ ಪೆನ್ಸಿಲ್‌ನಲ್ಲಿ 1ರಿಂದ 24ರವರೆಗೆ ಸಂಖ್ಯೆ ಹಾಕಿಕೊಳ್ಳಿ. ಹನ್ನೆರಡು ಪದಗಳನ್ನು ದೊಡ್ಡದಾಗಿ ಬರೆದಿಡಿ: ಜಾರ್, ಬೂಟ್, ವಿಂಡೋ, ಟ್ರೀ, ಹೋಲ್, ಬೀಸ್, ಔಲ್, ರಾಕ್, ಡಿಯರ್, ವಾಟರ್, ಲಾಗ್, ಫ್ರಾಗ್. ಹನ್ನೆರಡೇ ಸಾಕು. ಇಪ್ಪತ್ತೈದು ಬರೆದರೆ ಅದು ಕಂಠಪಾಠದ ಪಟ್ಟಿಯಾಗುತ್ತದೆ. ಗೋಡೆಗೆ ಈಗಲೇ ಅಂಟಿಸಬೇಡಿ.

ಮೊದಲ ಪೀರಿಯಡ್: ಬಾಯಿ ಮುಚ್ಚಿ ನೋಡುವುದು

ಪ್ರತಿ ಗುಂಪಿಗೂ ಐದು ನಿಮಿಷ ಪುಟ ತಿರುವಿ. ಯಾರೂ ಮಾತಾಡುವಂತಿಲ್ಲ, ಮೇಷ್ಟರೂ ಕೂಡ. ‘ವಾಟ್ ಈಸ್ ದಿಸ್?’ ಎಂದು ಬೆರಳು ತೋರಿಸಿದಿರೋ, ಕಥೆ ಅಲ್ಲಿಗೆ ಮುಗಿಯಿತು; ಮಕ್ಕಳು ಸಾಮಾನುಗಳ ಹೆಸರು ಹೇಳಲು ಕೂರುತ್ತಾರೆ. ಎರಡನೇ ಚಿತ್ರದಲ್ಲಿ ಕಪ್ಪೆಯ ಒಂದು ಕಾಲು ಜಾಡಿಯ ಆಚೆ ಇದೆ, ಹುಡುಗ ನಿದ್ದೆಯಲ್ಲಿದ್ದಾನೆ. ಅವನಿಗೆ ಗೊತ್ತಿಲ್ಲದ್ದು ತಮಗೆ ಗೊತ್ತು ಎಂಬುದು ಮಕ್ಕಳಿಗೆ ತಾವಾಗಿಯೇ ಹೊಳೆಯಬೇಕು.

ಹುಡುಗ ಬಂಡೆ ಹತ್ತಿ ಕೊಂಬೆಗಳನ್ನು ಹಿಡಿದು ಕೂಗುವ ಪುಟದಲ್ಲಿ ನಿಲ್ಲಿಸಿ. ಮುಂದಿನ ಪುಟದಲ್ಲಿ ಆ ಕೊಂಬೆಗಳು ಜಿಂಕೆಯ ಕೊಂಬುಗಳು ಎಂದು ತಿಳಿಯುತ್ತದೆ. ಪುಟ ತಿರುಗಿಸುವ ಮೊದಲು ‘ವಾಟ್ ನೆಕ್ಸ್ಟ್?’ ಎಂದಷ್ಟೇ ಕೇಳಿ. ಉತ್ತರ ಕನ್ನಡದಲ್ಲೇ ಬರಲಿ. ಪುಸ್ತಕ ಮುಗಿದ ಮೇಲೆ ಇಡೀ ಕಥೆಯನ್ನು ಒಮ್ಮೆ ಕನ್ನಡದಲ್ಲಿ ಹೇಳಿಸಿ. ಇದನ್ನು ಬಿಟ್ಟು ನೇರ ಇಂಗ್ಲಿಷಿಗೆ ಹಾರಿದರೆ ಮಗು ಕಥೆಯನ್ನೂ ಪದವನ್ನೂ ಒಟ್ಟಿಗೆ ಹುಡುಕಬೇಕಾಗುತ್ತದೆ, ಎರಡೂ ಸಿಗುವುದಿಲ್ಲ. ಈಗ ಪದಗಳನ್ನು ಗೋಡೆಗೆ ಅಂಟಿಸಿ.

ಎರಡನೆಯದು: ಕೂಗಾಟ

ಕಾಗದದ ಕಪ್ಪೆಯೊಂದನ್ನು ಕತ್ತರಿಸಿಕೊಳ್ಳಿ. ಒಂದು ಮಗು ಹೊರಗೆ ಹೋಗಲಿ. ಉಳಿದವರು ಕಪ್ಪೆಯನ್ನು ಬ್ಯಾಗಿನೊಳಗೋ ಚಪ್ಪಲಿಯ ಕೆಳಗೋ ಡಸ್ಟರ್ ಹಿಂದೆಯೋ ಅಡಗಿಸಲಿ. ಒಳಗೆ ಬಂದವರು ‘ಫ್ರಾಗ್, ವೇರ್ ಆರ್ ಯೂ?’ ಎಂದು ಕೂಗಬೇಕು, ಆಮೇಲೆ ‘ಆರ್ ಯೂ ಇನ್ ದ ಬ್ಯಾಗ್?’ ‘ಆರ್ ಯೂ ಅಂಡರ್ ದ ಚಪ್ಪಲ್?’ ಎಂದು ಒಂದೊಂದೇ ಜಾಗ ಕೇಳಬೇಕು. ತರಗತಿಯೆಲ್ಲ ಕಪ್ಪೆಯ ದನಿಯಲ್ಲಿ ‘ನೋ, ಐ ಆ್ಯಮ್ ನಾಟ್!’ ಅಥವಾ ‘ಎಸ್, ಐ ಆ್ಯಮ್!’ ಐದು ಊಹೆ ಮಾತ್ರ.

ಇಲ್ಲಿ ಖಂಡಿತ ಬರುವ ತಪ್ಪು ‘ಆರ್ ಯೂ ಬ್ಯಾಗ್ ಇನ್?’ ಕನ್ನಡದಲ್ಲಿ ‘ಬ್ಯಾಗಲ್ಲಿ’ ಎನ್ನುವಾಗ ‘ಅಲ್ಲಿ’ ಹಿಂದೆ ಬರುತ್ತದಲ್ಲ, ಅದರ ಪರಿಣಾಮ. ನಿಲ್ಲಿಸಿ ತಿದ್ದಬೇಡಿ. ಕಪ್ಪೆಯ ಉತ್ತರವನ್ನೇ ಉದ್ದ ಮಾಡಿ: ‘ನೋ, ಐ ಆ್ಯಮ್ ನಾಟ್ ಇನ್ ದ ಬ್ಯಾಗ್!’ ಸರಿಯಾದ ರೂಪ ಆಟದೊಳಗೇ ಕಿವಿಗೆ ಬೀಳುತ್ತದೆ.

ಮೂರನೆಯದು: ಒಳಗೆ, ಹೊರಗೆ, ಕೆಳಗೆ

ಈ ಪುಸ್ತಕದಲ್ಲಿ ಎಲ್ಲರೂ ಬೀಳುತ್ತಾರೆ, ಹತ್ತುತ್ತಾರೆ, ಓಡುತ್ತಾರೆ. ‘ಏರಿದ’, ‘ಇಳಿದ’, ‘ದಾಟಿದ’ ಎಂದು ನಾವು ಕ್ರಿಯಾಪದದಲ್ಲೇ ದಿಕ್ಕನ್ನು ಹೇಳಿಬಿಡುತ್ತೇವೆ. ಇಂಗ್ಲಿಷಿನವರಿಗೆ ಅದಕ್ಕೆ ಸಣ್ಣ ಪದಗಳೇ ಆಧಾರ: ‘ಕ್ಲೈಂಬ್ ಔಟ್ ಆಫ್’, ‘ಫಾಲ್ ಇಂಟು’, ‘ರನ್ ಅವೇ ಫ್ರಮ್’, ‘ಲುಕ್ ಓವರ್’. ಬೇರೆ ಭಾಷೆಗಳ ನಡುವೆ ಸ್ಲೋಬಿನ್ ಈ ಕಥೆಗಳಲ್ಲೇ ಗುರುತಿಸಿದ ವ್ಯತ್ಯಾಸವೂ ಇಂಥದ್ದೇ. ನಮ್ಮ ಮಕ್ಕಳ ಇಂಗ್ಲಿಷಿನಲ್ಲಿ ಮೊದಲು ಉದುರಿಹೋಗುವುದೂ ಈ ಪದಗಳೇ.

ಪ್ರತಿ ಜೋಡಿಗೂ ಒಂದು ಸ್ಟೀಲ್ ಲೋಟ, ಒಂದು ರಬ್ಬರ್. ರಬ್ಬರೇ ಕಪ್ಪೆ. ನೀವು ‘ದ ಫ್ರಾಗ್ ಕ್ಲೈಂಬ್ಸ್ ಔಟ್ ಆಫ್ ದ ಜಾರ್’ ಎಂದಾಗ ಹಾಗೆ ಮಾಡಿ ತೋರಿಸಬೇಕು. ‘ಇಂಟು’, ‘ಔಟ್ ಆಫ್’, ‘ಓವರ್’, ‘ಡೌನ್’, ನಾಲ್ಕೇ. ಐದು ನಿಮಿಷದ ನಂತರ ಜೋಡಿಯಲ್ಲಿ ಒಬ್ಬರು ಹೇಳಲಿ, ಇನ್ನೊಬ್ಬರು ಮಾಡಲಿ. ತಪ್ಪು ಹೇಳಿದರೆ ರಬ್ಬರ್ ತಪ್ಪು ಕಡೆ ಹೋಗುತ್ತದೆ, ಪಕ್ಕದವನೇ ನಗುತ್ತಾನೆ.

ಉಳಿದ ಸಮಯಕ್ಕೆ ಮಾತಿನ ಗುಳ್ಳೆಗಳು. ಅಂಟುಚೀಟಿಗಳ ಮೇಲೆ ಬರೆದು ಪುಟಕ್ಕೆ ಹಚ್ಚುವುದು. ಒಂದರಲ್ಲಿ ಮೂರು ಪದ ಮೀರಬಾರದು. ಜಾಡಿ ಒಡೆದಾಗ ‘ಕ್ರ್ಯಾಶ್!’, ಜೇನ್ನೊಣಗಳಿಗೆ ‘ಬಜ್ಜ್’, ನೀರಿಗೆ ಬಿದ್ದಾಗ ‘ಸ್ಪ್ಲ್ಯಾಶ್!’, ಮರದ ದಿಮ್ಮಿಯ ಹಿಂದೆ ‘ಶ್ಶ್!’ ಬರೆಯಲು ಹಿಂಜರಿಯುವ ಮಗು ಸಾಮಾನ್ಯವಾಗಿ ಈ ಶಬ್ದಗಳಿಂದಲೇ ಪೆನ್ಸಿಲ್ ಎತ್ತುತ್ತದೆ.

ನಾಲ್ಕನೆಯದು: ಹುಡುಗನ ಕಥೆ, ನಾಯಿಯ ಕಥೆ

9ರಿಂದ 12ರವರೆಗಿನ ಚಿತ್ರಗಳನ್ನು ತೆಗೆಯಿರಿ. ಹುಡುಗ ನೆಲದ ಬಿಲದಲ್ಲಿ ಕೂಗುತ್ತಾನೆ, ಆಮೇಲೆ ಮರದ ಪೊಟರೆಯಲ್ಲಿ ಇಣುಕುತ್ತಾನೆ. ಅದೇ ಹೊತ್ತಿಗೆ ನಾಯಿ ಜೇನುಗೂಡಿನ ತಂಟೆಗೆ ಹೋಗಿದೆ. ಗೂಬೆ ಹೊರಬಂದು ಹುಡುಗ ಬೀಳುವಾಗ ನಾಯಿಯನ್ನು ಜೇನ್ನೊಣಗಳು ಅಟ್ಟಿಸಿಕೊಂಡು ಹೋಗುತ್ತಿವೆ. ಬೋರ್ಡನ್ನು ಎರಡು ಭಾಗ ಮಾಡಿ. ಒಂದು ಗುಂಪು ಹುಡುಗನನ್ನು ಮಾತ್ರ ನೋಡಬೇಕು, ಇನ್ನೊಂದು ನಾಯಿಯನ್ನು ಮಾತ್ರ. ಚಿತ್ರಕ್ಕೊಂದು ವಾಕ್ಯ: ‘ದ ಬಾಯ್ ಈಸ್ ಲುಕಿಂಗ್ ಇಂಟು ದ ಟ್ರೀ.’ ‘ದ ಡಾಗ್ ಈಸ್ ರನ್ನಿಂಗ್ ಅವೇ.’ ಬರೆದಾದ ಮೇಲೆ ಎರಡೂ ಗುಂಪು ಸರದಿಯಂತೆ ಓದಲಿ, ನಡುವೆ ನೀವು ‘ಅಟ್ ದ ಸೇಮ್ ಟೈಮ್’ ಎಂದು ಹೊಲಿಗೆ ಹಾಕಿ.

‘ಬಾಯ್ ಲುಕಿಂಗ್’ ಎಂದು ‘ಈಸ್’ ಬಿಡುವುದು ಇಲ್ಲಿ ಹೆಚ್ಚು. ‘ಈಸ್’ ಎಂದು ಬರೆದ ಚೀಟಿಯೊಂದನ್ನು ಪ್ರತಿ ಗುಂಪಿನ ಕೈಗೆ ಕೊಟ್ಟು, ವಾಕ್ಯ ಓದುವಾಗ ಅದನ್ನು ಎತ್ತಿ ತೋರಿಸಲೇಬೇಕು ಎಂಬ ನಿಯಮ ಮಾಡಿದರೆ ಬಹುಪಾಲು ಸರಿಹೋಗುತ್ತದೆ. ಭೂತಕಾಲವನ್ನು ಈ ವಾರ ಮುಟ್ಟಬೇಡಿ. ‘ಫೆಲ್’, ‘ರ್‍ಯಾನ್’ ತಂದಿರೋ, ‘ಈಸ್ ಫೆಲ್ಲಿಂಗ್’ ಕೇಳಬೇಕಾದೀತು.

ಐದನೆಯದು: ತಮ್ಮದೇ ಪುಸ್ತಕ

ಎ4 ಹಾಳೆಯನ್ನು ಉದ್ದಕ್ಕೆ ಮಡಚಿ ಬಿಡಿಸಿ. ಅಡ್ಡಕ್ಕೆ ಮಡಚಿ, ಮತ್ತೊಮ್ಮೆ ಅಡ್ಡಕ್ಕೆ ಮಡಚಿ ಬಿಡಿಸಿದರೆ ಎಂಟು ಮನೆ. ಈಗ ಅಡ್ಡಕ್ಕೆ ಒಂದೇ ಮಡಿಕೆ ಮಾಡಿ, ಮಡಿಕೆಯ ಅಂಚಿನಿಂದ ನಡುಗೆರೆಯ ಮೇಲೆ ಮುಂದಿನ ಗೆರೆ ಸಿಗುವವರೆಗೆ ಮಾತ್ರ ಕತ್ತರಿಸಿ. ಬಿಡಿಸಿ, ಉದ್ದಕ್ಕೆ ಮಡಚಿ, ಎರಡು ತುದಿ ಒಳಗೆ ತಳ್ಳಿದರೆ ಎಂಟು ಪುಟದ ಪುಸ್ತಕ. ತೆರೆದ ಬದಿಯಿಂದ ಕತ್ತರಿಸಿದರೆ ಕೆಟ್ಟಿತು; ಕತ್ತರಿಸುವ ಮೊದಲು ‘ಮಡಿಕೆ ಎಲ್ಲಿದೆ?’ ಎಂದು ಬೆರಳಿಡಿಸಿ ನೋಡಿ.

ಮುಂದಿನ, ಹಿಂದಿನ ರಕ್ಷಾಪುಟ ಬಿಟ್ಟರೆ ಆರು ಚಿತ್ರಗಳಿಗೆ ಜಾಗ: ಕಳೆದದ್ದು ಒಂದು, ಹುಡುಕಿದ ಜಾಗಗಳು ಮೂರು, ಎಡವಟ್ಟು ಒಂದು, ಸಿಕ್ಕಿದ್ದು ಒಂದು. ಕಳೆದದ್ದು ಮೇಕೆಮರಿಯೋ ಕೋಳಿಯೋ ಅಜ್ಜಿಯ ಕನ್ನಡಕವೋ ಆಗಲಿ, ಕಪ್ಪೆ ಮಾತ್ರ ಬೇಡ. ಕಪ್ಪೆಗೆ ಅವಕಾಶ ಕೊಟ್ಟರೆ ನೋಡಿದ್ದನ್ನೇ ಎಲ್ಲರೂ ಬಿಡಿಸುತ್ತಾರೆ. ಚಿತ್ರಕ್ಕೆ ಪೆನ್ಸಿಲ್ ಸಾಕು, ಬಣ್ಣ ಕೊಟ್ಟರೆ ಪೀರಿಯಡ್ ಅಲ್ಲಿಗೇ ಹೋಗುತ್ತದೆ.

ಪದ ಬರೆಯುವವರು ಚಿತ್ರ ಬರೆದವರಲ್ಲ. ಪುಸ್ತಕ ಪಕ್ಕದ ಗುಂಪಿಗೆ ಹೋಗಲಿ, ಅವರು ಪುಟಕ್ಕೊಂದು ಇಂಗ್ಲಿಷ್ ವಾಕ್ಯ ಬರೆಯಲಿ. ಅರ್ಥವಾಗದ ಚಿತ್ರವಿದ್ದರೆ ಅದನ್ನು ಬಿಡಿಸಿದವರನ್ನೇ ‘ಈಸ್ ಇಟ್ ಎ ಗೋಟ್?’ ಎಂದು ಕೇಳಬೇಕು, ಉತ್ತರ ‘ಎಸ್’ ಅಥವಾ ‘ನೋ’ ಮಾತ್ರ. ಮೇಕೆಯನ್ನು ನಾಯಿಯ ಹಾಗೆ ಬಿಡಿಸಿದವರ ಪುಸ್ತಕಕ್ಕೇ ಪ್ರಶ್ನೆಗಳು ಹೆಚ್ಚು ಬೀಳುತ್ತವೆ, ಆದ್ದರಿಂದ ಚಿತ್ರ ತಿದ್ದಿಸಲು ಹೋಗಬೇಡಿ.