ಚಳಿಗಾಲದ ಕತ್ತಲಲ್ಲಿ ಮನಸ್ಸು ಚೇತರಿಸಿಕೊಂಡ ಬಗೆ

ಶಿರಸಿ ಸೀಮೆಯಲ್ಲಿ ಕತ್ತಲ ತಿಂಗಳು ಯಾವುದು ಅಂತ ಕೇಳಿದರೆ ಎಲ್ಲರೂ ಆಷಾಢ ಅನ್ನುತ್ತಾರೆ. ನನಗೆ ಭಾರವಾಗುವುದು ಮಾರ್ಗಶಿರ, ಪುಷ್ಯ. ಆಯಿ, ಅಂದರೆ ನನ್ನ ಅಮ್ಮ, ತೀರಿಕೊಂಡಿದ್ದು ಕಾರ್ತಿಕದ ಕೊನೆಗೆ. ಅದರ ನಂತರದ ಚಳಿಗಾಲ ಹೇಗೆ ಕಳೆಯಿತೋ ಸರಿಯಾಗಿ ನೆನಪಿಲ್ಲ. ಊಟ ರುಚಿಸುತ್ತಿರಲಿಲ್ಲ. ದೇವರ ಮುಂದೆ ದೀಪ ಹಚ್ಚಿದರೂ ಮನಸ್ಸು ಅಲ್ಲಿ ನಿಲ್ಲುತ್ತಿರಲಿಲ್ಲ. ಮರುವರ್ಷ ಅದೇ ತಿಂಗಳು ಬಂದಾಗ ಅದೇ ಭಾರ ಮತ್ತೆ ಬಂತು. ಆಗಿನಿಂದ ರೂಢಿ ಮಾಡಿಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥದ್ದೇ ಅನುಭವಿಸುತ್ತಿರುವವರಿಗೆ ಒಂದಾದರೂ ಉಪಯೋಗಕ್ಕೆ ಬರಲಿ.

ಲೆಕ್ಕ ನೋಡಿದರೆ ನಮ್ಮ ಕಡೆ ಹಗಲು ಭಾಳ ಏನೂ ಕುಗ್ಗುವುದಿಲ್ಲ. ಜೂನ್‌ನಲ್ಲಿ ಹತ್ತಿರ ಹತ್ತಿರ 13 ಗಂಟೆ ಇರುವ ಹಗಲು ಡಿಸೆಂಬರ್ ಕೊನೆಯಲ್ಲಿ ಹನ್ನೊಂದೂಕಾಲು ಗಂಟೆಗೆ ಇಳಿಯುತ್ತದೆ, ಅಷ್ಟೇ. ಆದರೆ ನಮ್ಮ ಮನೆಗಳಿರುವುದು ಅಡಿಕೆ ತೋಟದ ಅಂಚಿಗೆ, ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ ಅಲ್ವಾ? ಮಂಜು ತೋಟದೊಳಗೇ ಕೂತಿರುತ್ತದೆ. ಬಿಸಿಲು ಅಂಗಳಕ್ಕೆ ಇಳಿಯುವಾಗ ಎಷ್ಟೋ ಹೊತ್ತಾಗಿರುತ್ತದೆ. ಸಂಜೆ ಬೇಗನೆ ಗುಡ್ಡದ ನೆರಳು ಬೀಳುತ್ತದೆ. ಮನೆಯೊಳಗೇ ಇದ್ದವರಿಗೆ ಬಿಸಿಲು ಸಿಗುವುದು ಸ್ವಲ್ಪ ಹೊತ್ತು ಮಾತ್ರ.

ಡಿಸೆಂಬರ್ 16ರ ಸುಮಾರಿಗೆ ಧನುರ್ಮಾಸ ಶುರುವಾಗುತ್ತದೆ. ಮಕರ ಸಂಕ್ರಾಂತಿಯವರೆಗೆ ಮದುವೆ, ಮುಂಜಿ ಇಲ್ಲ. ಪೂಜೆಗೆ ಮಾತ್ರ ಶ್ರೇಷ್ಠ. ಉತ್ತರಾಯಣ ದೇವತೆಗಳಿಗೆ ಹಗಲು, ದಕ್ಷಿಣಾಯನ ರಾತ್ರಿ, ಧನುರ್ಮಾಸ ಅವರ ಬೆಳಗಿನ ಜಾವ ಅನ್ನುವುದು ನಂಬಿಕೆ. ಚಿಕ್ಕಂದಿನಿಂದ ಕೇಳಿದ ಮಾತೇ. ಆಯಿ ಹೋದ ಮೇಲೆ ಅದು ಒಳಗೆ ನಾಟಿತು. ಇಷ್ಟು ಕತ್ತಲಿನ ತಿಂಗಳನ್ನು ಹಿರಿಯರು ಬೆಳಗಿನ ಜಾವ ಅಂತ ಲೆಕ್ಕ ಹಾಕಿದ್ದಾರೆ. ಹಾಗಿದ್ದರೆ ಈ ಹೊತ್ತಿನಲ್ಲಿ ನಾನು ಎದ್ದಿರಬೇಕು ಅನ್ನಿಸಿತು.

ಊರ ದೇವಸ್ಥಾನದಲ್ಲಿ ನಕ್ಷತ್ರ ಕಾಣುವಾಗಲೇ ಪೂಜೆ. ನಾನು ರಾತ್ರಿಯೇ ಬಚ್ಚಲೊಲೆಗೆ ಕಟ್ಟಿಗೆ ಜೋಡಿಸಿಟ್ಟು ಬೇಗ ಮಲಗುತ್ತೇನೆ. ಎದ್ದ ತಕ್ಷಣ ಬೆಂಕಿ ಹಾಕುವುದು, ಹಂಡೆ ನೀರು ಬಿಸಿಯಾಗುವವರೆಗೆ ಒಲೆ ಮುಂದೆ ಸುಮ್ನೆ ಕೂರುವುದು. ಆಮೇಲೆ ಸ್ನಾನ ಮಾಡಿ, ಶಾಲು ಹೊದ್ದು, ಟಾರ್ಚ್ ಹಿಡಿದು ಹೊರಡುವುದು. ದಾರಿಯುದ್ದಕ್ಕೂ ಅಡಿಕೆ ಸೋಗೆಯಿಂದ ಇಬ್ಬನಿ ತೊಟ್ಟಿಕ್ಕುತ್ತಿರುತ್ತದೆ. ಏರು ಹತ್ತಿ ಮಂಜಿನಿಂದ ಹೊರಗೆ ಬಂದರೆ ಆಕಾಶ ಸ್ವಚ್ಛ. ಉತ್ತರಕ್ಕೆ ಸಪ್ತರ್ಷಿಗಳು, ಪೂರ್ವಕ್ಕೆ ಸ್ವಾತಿ ನಕ್ಷತ್ರ. ಮಂಗಳಾರತಿ ಆದ ಮೇಲೆ ಬಾಳೆಲೆ ಚೂರಿನಲ್ಲಿ ಬಿಸಿ ಹುಗ್ಗಿ ಕೊಡುತ್ತಾರೆ. ಅಕ್ಕಿ, ಹೆಸರುಬೇಳೆ, ಕಾಳುಮೆಣಸು, ಜೀರಿಗೆ, ಮೇಲೆ ತುಪ್ಪ. ಎಷ್ಟೋ ದಿನಗಳ ನಂತರ ಬಾಯಿಗೆ ರುಚಿ ಗೊತ್ತಾಗಿದ್ದು ಆ ಹುಗ್ಗಿಯಿಂದ. ಅವತ್ತು ಅಲ್ಲೇ ಕಂಬಕ್ಕೆ ಒರಗಿ ಅತ್ತುಬಿಟ್ಟೆ. ಯಾರೂ ಏನೂ ಕೇಳಲಿಲ್ಲ. ಭಟ್ಟರು ಇನ್ನೊಂದು ಸೌಟು ಬಡಿಸಿದರು.

ಅಲ್ಲಿಂದ ಸೀದಾ ಮನೆಗೆ ಬರುವುದಿಲ್ಲ. ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟದ ನೆತ್ತಿಗೆ ಹೋಗಿ ಮೊದಲ ಬಿಸಿಲಿಗೆ ಮುಖ ಮಾಡಿ ಕೂರುತ್ತೇನೆ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ದೇಹದ ಗಡಿಯಾರ ಸರಿಹೋಗುತ್ತದೆ, ರಾತ್ರಿ ನಿದ್ದೆ ಹೊತ್ತಿಗೆ ಸರಿಯಾಗಿ ಬರುತ್ತದೆ. ಸೂರ್ಯನನ್ನೇ ದಿಟ್ಟಿಸಬೇಕಾಗಿಲ್ಲ, ಬಯಲಲ್ಲಿ ಇದ್ದರೆ ಸಾಕು. ತಂಗಿ ಕಾರವಾರದಲ್ಲಿದ್ದಾಳೆ, ಅವಳು ದಿನಾ ಬೆಳಿಗ್ಗೆ ಕಡಲ ದಂಡೆಗೆ ಹೋಗುತ್ತಾಳೆ.

ಬೆಳಗು ಹೀಗೆ ಹಿಡಿತಕ್ಕೆ ಬಂದರೂ ಸಂಜೆ ಕಷ್ಟವೇ ಇತ್ತು. ಅದಕ್ಕೆ ದಾರಿ ತೋರಿಸಿದ್ದು ಪಕ್ಕದ ಮನೆ ಅಕ್ಕ. "ತಂಗಿ, ಒಬ್ಳೇ ಎಂತ ಮಾಡ್ತೆ? ಅಡಿಕೆ ಸುಲಿಯಲೆ ಬಾ" ಅಂದರು. ಕೊನೆಕೊಯ್ಲಿನ, ಅಂದರೆ ಅಡಿಕೆ ಗೊನೆ ಕೊಯ್ಯುವ ಸಮಯ, ಅಂಗಳದ ಚಪ್ಪರದಲ್ಲಿ ಹಸಿ ಅಡಿಕೆ ರಾಶಿ. ಈಗ ಸುಲಿಯುವ ಯಂತ್ರ ಬಂದಿದೆ, ಆದರೂ ಆ ಮನೆಯಲ್ಲಿ ಕಾಲಲ್ಲಿ ಮೆಟ್ಟಿ ಹಿಡಿದು ಸುಲಿಯುವ ಮೆಟ್ಟುಗತ್ತಿ ಇಟ್ಟುಕೊಂಡಿದ್ದಾರೆ. ಅದು ಇನ್ನೂ ಉಳಿಯಲಿ ಅಂತ ನನ್ನ ಆಸೆ. ಅಡಿಕೆಯನ್ನು ಅಲಗಿಗೆ ಒತ್ತಿ ಸೀಳಬೇಕು, ತಿರುಗಿಸಿ ಸಿಪ್ಪೆ ಬಿಡಿಸಬೇಕು, ಬೇಳೆ ಬುಟ್ಟಿಗೆ. ಅಡಿಕೆಯ ಚೊಗರಿಗೆ, ಅಂದರೆ ಅದರ ಒಗರು ರಸಕ್ಕೆ, ಕೈ ಕಪ್ಪಾಗುತ್ತದೆ, ತೊಳೆದರೆ ಹೋಗುವುದಿಲ್ಲ. ಎಲ್ಲರ ಕಣ್ಣೂ ಅಲಗಿನ ಮೇಲೆ. ಯಾರೂ ಮುಖ ನೋಡುವುದಿಲ್ಲವಲ್ಲ, ಅದಕ್ಕೇ ಮಾತು ಸಲೀಸಾಗಿ ಬರುತ್ತದೆ. ಮಾತನಾಡಿಸಲು ಬಂದವರ ಎದುರು ಹೇಳಲಾಗದ್ದನ್ನೆಲ್ಲ ನಾನು ಅಲ್ಲಿ ಹೇಳಿದೆ. ಆಯಿ ಕೊನೆಯ ದಿನಗಳಲ್ಲಿ ನನ್ನನ್ನು ಗುರುತಿಸದೇ ಹೋಗಿದ್ದನ್ನೂ ಹೇಳಿದೆ. ಅಕ್ಕ ಕೈ ನಿಲ್ಲಿಸದೇ ಕೇಳಿದರು, ಆಮೇಲೆ ತಮ್ಮ ಆಯಿಯ ಸುದ್ದಿ ತೆಗೆದರು. ಬದಿಯಲ್ಲಿ ಅಡಿಕೆ ಬೇಯುವ ಹಂಡೆಯ ಬೆಂಕಿ ಇತ್ತು. ಕೆಲಸ ಮುಗಿಸಿ ಕಷಾಯ ಕುಡಿದು ಮನೆಗೆ ಬಂದು ಮಲಗಿದರೆ ಒಳ್ಳೆಯ ನಿದ್ದೆ.

ಇನ್ನೊಂದು ವಿಷಯ ತಿಳಿದಿರಬೇಕು. ಸಂಕ್ರಾಂತಿ ಆದರೂ ಬೇಗ ಬೆಳಗಾಗುವುದಿಲ್ಲ. ನಮ್ಮ ಕಡೆ ಜನವರಿ ಮೂರನೇ ವಾರದವರೆಗೂ ಸೂರ್ಯೋದಯ ತಡವಾಗುತ್ತಲೇ ಹೋಗುತ್ತದೆ. ಬೆಳಕು ಮೊದಲು ಬೆಳೆಯುವುದು ಸಂಜೆ ಕಡೆ, ಡಿಸೆಂಬರ್‌ನಲ್ಲೇ ಸೂರ್ಯ ಮುಳುಗುವುದು ದಿನಕ್ಕಿಷ್ಟು ತಡವಾಗುತ್ತಿರುತ್ತದೆ. ಇದು ಗೊತ್ತಾದ ಮೇಲೆ ಸಂಜೆ ಐದೂವರೆಗೆ ಹೊರಗೆ ಬಂದು ಆಕಾಶ ನೋಡುವುದು ಅಭ್ಯಾಸವಾಗಿದೆ.

ಇಷ್ಟೆಲ್ಲ ಮಾಡಿದರೂ ಎರಡು ವಾರಕ್ಕಿಂತ ಜಾಸ್ತಿ ಬೇಸರ ಬಿಡದಿದ್ದರೆ, ಊಟ ನಿದ್ದೆ ಕೆಟ್ಟರೆ, ಬದುಕೇ ಬೇಡ ಅನ್ನಿಸಿದರೆ ದಯವಿಟ್ಟು ಡಾಕ್ಟರ ಹತ್ತಿರ ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮಾತ್ರೆ ತೆಗೆದುಕೊಂಡರೆ ದೇವರ ಮೇಲೆ ನಂಬಿಕೆ ಕಡಿಮೆ ಅಂತಲ್ಲ. ನಮ್ಮೂರಲ್ಲಿ ರಾತ್ರಿ ಮಾತ್ರೆ ನುಂಗಿ, ನಸುಕಿಗೆ ಎಲ್ಲರಿಗಿಂತ ಮೊದಲು ಪೂಜೆಗೆ ಬರುವವರಿದ್ದಾರೆ.